ಒಂಬತ್ತನೆಯ ಭಾಗದ ಕಸದ ಡಬ್ಬಿ

ಶನಿವಾರ ಸಂಜೆ ರೋಣದ ಬಸ್ಸಿನಿಂದ ಇಳಿದು ಗಜೇಂದ್ರಗಡದ ತನ್ನ ಮನೆ ಹೊಕ್ಕ ಪ್ರಾಣೇಶ, ಚಪ್ಪಲಿ ಬಿಚ್ಚುವ ಮೊದಲೇ ಬಗಲಲ್ಲಿದ್ದ ಉದ್ದನೆಯ ಪೆಟ್ಟಿಗೆಯನ್ನು ಎತ್ತಿ ಹಿಡಿದು ಸಾರಿದ:

"ವಸುಧಾ, ಇವತ್ತಿಂದ ಈ ಮನಿಯೊಳಗ ಹೊಸಾ ಯುಗ ಸುರು!"

ಹೆಂಡತಿ ವಸುಧಾ ಪಡಸಾಲೆಯಲ್ಲಿ ಕೂತು ತನ್ನ ಹಾರ್ಮೋನಿಯಂ ಪೇಟಿಯ ಧೂಳು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋದ ಯುಗಾನೂ ಇಂಥಾದ ಡಬ್ಬಿಯೊಳಗ ಬಂದಿತ್ತಲ್ರಿ?"

ಪ್ರಾಣೇಶ ರೋಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಧಾರವಾಡದಲ್ಲಿ ಓದುವಾಗ ರೂಮಿನ ಗೆಳೆಯನ ಕಂಪ್ಯೂಟರಿನಲ್ಲಿ 'ವ್ಹೀಲ್ ಕಿಂಗ್' ಎಂಬ ವಿಡಿಯೋ ಗೇಮ್ ಆಡಿದ್ದೇ ನೆಪ. ಮುಂದೆ ಅದರ ಒಂದು ಭಾಗವನ್ನೂ ಬಿಟ್ಟವನಲ್ಲ. ಆಟ ಇಷ್ಟೇ. ಕೆಂಪು ಟೊಪ್ಪಿಗೆಯ ಹುಡುಗನೊಬ್ಬ ಗಾಲಿಹಲಗೆಯ ಮೇಲೆ ನಿಂತು ಪಾರ್ಕಿನಲ್ಲಿ ಜಾರುತ್ತಾನೆ, ಕಟ್ಟೆ ಹಾರುತ್ತಾನೆ, ಕಂಬಿಯ ಮೇಲೆ ಸರಿಯುತ್ತಾನೆ, ಬೀಳುತ್ತಾನೆ. ಎದ್ದು ಮತ್ತೆ ಅದನ್ನೇ ಮಾಡುತ್ತಾನೆ. ಮೊದಲ ಭಾಗಗಳನ್ನು ಪ್ರಾಣೇಶ ಊಟ ಮರೆತು ಆಡಿದ್ದ. ಆರನೆಯ ಭಾಗದ ಹೊತ್ತಿಗೆ ಆಡುತ್ತಲೇ ಆಕಳಿಸುವುದನ್ನು ಕಲಿತ. ಎಂಟನೆಯದನ್ನು ಕಣ್ಣು ಮುಚ್ಚಿ ಆಡಬಲ್ಲವನಾಗಿದ್ದ. ಆದರೂ ಸಂಜೆಯಾದರೆ ಕಾಲು ಒಂದೆಡೆ ನಿಲ್ಲದು, ಕೈ ಸುಮ್ಮನಿರದು. ಏನೋ ಬೇಕು, ಅದೇನೆಂದು ತಿಳಿಯದು. ಪಡಸಾಲೆಯ ಉದ್ದಗಲ ಅಳೆದು ಅಳೆದು ಕೊನೆಗೆ ಟೀವಿ ಹಚ್ಚಿ ಅದೇ ಹುಡುಗನನ್ನು ಅದೇ ಕಟ್ಟೆ ಹಾರಿಸುತ್ತಿದ್ದ.

ಆಟ ಹಳಸಿದೆ ಎಂದು ಮೊದಲು ಪತ್ತೆ ಹಚ್ಚಿದವಳು ವಸುಧಾ.

"ರೀ, ಆ ಪಾರ್ಕಿನ ಮೂಲ್ಯಾಗಿನ ಕಸದ ಡಬ್ಬಿ ನೋಡ್ರಿ. ನಾ ಮದಿವ್ಯಾಗಿ ಬಂದಾಗಿಂದ ಅಲ್ಲೇ ಅದ. ಒಂದು ಭಾಗಕ್ಕ ಹಸರು ಬಣ್ಣಾ ಬಡದ್ರು, ಇನ್ನೊಂದಕ್ಕ ನೀಲಿ. ಪಾಪ, ಒಬ್ಬರೂ ಅದರಾಗ ಕಸಾ ಒಗದಿಲ್ಲ!"

ಈಗ ಒಂಬತ್ತನೆಯ ಭಾಗ ಬಂದಿತ್ತು. ಪ್ರಾಣೇಶ ಪೆಟ್ಟಿಗೆಯಿಂದ ಹೊರತೆಗೆದದ್ದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಹಲಗೆ. ಅಗಲವಾಗಿತ್ತು, ಗಟ್ಟಿಯಾಗಿತ್ತು, ಅಡಿಯಲ್ಲಿ ತುಸು ಉಬ್ಬಿತ್ತು.

"ಇದರಾಗ ಬಟನ್ ಒತ್ತೂದಿಲ್ಲ. ಖರೇನ ಹಲಗಿ ಮ್ಯಾಲ ನಿಂದರಬೇಕು! ನಾವು ಬಾಗಿದ್ರ ಟೀವ್ಯಾಗ ಅಂವಾ ಬಾಗತಾನ. ನಾವು ಜಿಗದ್ರ ಅಂವಾ ಜಿಗೀತಾನ!"

"ಹೆಸರು ವ್ಹೀಲ್ ಕಿಂಗ್. ಗಾಲಿ ಎಲ್ಲವ?"

"ಗಾಲಿ ನಮ್ಮ ಆತ್ಮದಾಗ ಇರತಾವ!"

"ಅದು ಬಿಡ್ರಿ. ಹೊಸಾ ಜಾಗಾ ಏನರೆ ಅದನೋ, ಇಲ್ಲೋ?"

"ಅದ! ಕಾರಂಜಿ ದಾಟಿ ಹಾರಿದವರಿಗೆ ಗುಪ್ತಲೋಕ ತೆರೀತದ ಅಂತ ಡಬ್ಬಿ ಮ್ಯಾಲ ಬರದಾರ."

ವಸುಧಾ ಒರೆಸುವ ಅರಿವೆಯನ್ನು ಕೆಳಗಿಟ್ಟಳು. ಓಣಿಯ ಹುಡುಗಿಯರು ಸಂಗೀತ ಕಲಿಸೆಂದು ಬೆನ್ನು ಬಿದ್ದು ವರ್ಷವಾಗಿತ್ತು. ಅವಳಿಗೆ ಪೇಟಿ ಇತ್ತು, ಕಂಠವಿತ್ತು. ಇರದಿದ್ದದ್ದು ಸಂಜೆಯ ಪಡಸಾಲೆ.

"ಹಂಗಾರ ಕೇಳ್ರಿ. ನಾಳೆ ಸಂಜಿಯೊಳಗ, ಆ ಕಸದ ಡಬ್ಬಿ ಇಲ್ಲದ ಒಂದ ಜಾಗಾ ತೋರಸ್ರಿ. ತೋರಿಸಿದ್ರ ಪಡಸಾಲಿ ನಿಮ್ದು, ನಾ ಇನ್ನ ಬಾಯಿ ತಗಿಯೂದಿಲ್ಲ. ಇಲ್ಲಾಂದ್ರ ಸೋಮವಾರದಿಂದ ಸಂಜಿ ಪಡಸಾಲಿ ನಂದು."

"ದಿನಾ ಗುರುತ್ವಕೇಂದ್ರ ಕಲಸಾಂವಗ ಹಲಗಿ ಮ್ಯಾಲ ನಿಂದರೂದು ಏನ ದೊಡ್ಡ ಮಾತ? ಆತು, ಕರಾರು!"

ಗುರುತ್ವಕೇಂದ್ರ ರವಿವಾರ ಬೆಳಿಗ್ಗೆಯೇ ಕೈಕೊಟ್ಟಿತು. ಪ್ರಾಣೇಶ ಹಲಗೆಯ ಮೇಲೆ ಹತ್ತಿದ, ಬಾಗಿದ, ದಿವಾನದ ಮೇಲೆ ಬಿದ್ದ. ಮತ್ತೆ ಹತ್ತಿದ, ಈ ಸಲ ದಿವಾನ ಸಿಗಲಿಲ್ಲ. ಹೊಸ ಹಲಗೆಗೆ ಧಕ್ಕೆಯಾದೀತೆಂದು ಹೆದರಿ, ವಿಜ್ಞಾನಿಗೆ ತಕ್ಕಂತೆ ಒಂದು ಪ್ರಯೋಗ ಹೂಡಿದ. ಲಟ್ಟಣಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಊಟಕ್ಕೆ ಕೂರುವ ಸಾಗವಾನಿ ಮಣೆಯನ್ನಿಟ್ಟು, ಅದರ ಮೇಲೆ ತಾನು ನಿಂತ. ಮಣೆ ಅವನ ಅಜ್ಜನ ಕಾಲದ್ದು. ಇಂಥ ಪ್ರಯೋಗಕ್ಕೆ ಒಗ್ಗಿದ್ದಲ್ಲ. ನಡುವೆ ಸೀಳಿ ಎರಡಾಯಿತು. ಅವನು ಎರಡೂ ತುಂಡುಗಳನ್ನು ಜೋಳದ ಚೀಲದ ಹಿಂದೆ ಸರಿಸಿ, ಆಟವನ್ನು ಹಾಗೇ ಬಿಟ್ಟು ಟೀವಿಯ ಧ್ವನಿ ಮಾತ್ರ ಆರಿಸಿ, ಏನೂ ಅರಿಯದವನಂತೆ ಸ್ನಾನಕ್ಕೆ ಹೋದ.

ಅದು ಅಧಿಕಮಾಸ. ಅಂದು ಮಧ್ಯಾಹ್ನದ ಊಟಕ್ಕೆ ವಸುಧಾಳ ಸೋದರಮಾವ ಬಿಂದಾಚಾರ್ರು ನರಗುಂದದಿಂದ ಬರುವವರಿದ್ದರು, ಬಂದರು. ಪ್ರಾಣೇಶನ ತಾಯಿ ಭಾಗೀರಥಿಬಾಯಿ ಎಲೆ ಹಾಕಿ, ರಂಗೋಲಿ ಎಳೆದು, ಮಣೆ ಹುಡುಕಿದರು. ಸಿಗಲಿಲ್ಲ. ಪಡಸಾಲೆಯ ನಡುವೆ ಕಪ್ಪನೆಯದೊಂದು ಬಿದ್ದಿತ್ತು.

ಪ್ರಾಣೇಶ ಮಡಿ ಉಟ್ಟು ಹೊರಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಂದಾಚಾರ್ರ ಭವ್ಯ ಶರೀರ ಪೂರ್ವಕ್ಕೆ ಮುಖ ಮಾಡಿ 'ವ್ಹೀಲ್ ಕಿಂಗ್' ಒಂಬತ್ತನೆಯ ಭಾಗದ ಮೇಲೆ ಪ್ರತಿಷ್ಠಾಪನೆಗೊಂಡಿತ್ತು. ಎಲೆಯ ಸುತ್ತ ನೀರು ತಿರುಗಿಸಿ ಆಪೋಶನವೂ ಆಗಿತ್ತು. ಅಲ್ಲಿಗೆ ಮುಗಿಯಿತು, ಇನ್ನು ಮಜ್ಜಿಗೆ ಅನ್ನ ಮುಗಿಯುವವರೆಗೆ ಅವರನ್ನು ಆ ಮನೆಯಲ್ಲಿ ಯಾರೂ ಏಳಿಸುವಂತಿಲ್ಲ.

"ಅವ್ವಾ, ಅದು..."

"ಹೊಸಾ ಮಣಿ ಚಲೋ ತಂದೀ ಪಾಣ್ಯಾ. ಹಳೀದು ಎಲ್ಲೆ ಇಟ್ಟೀ?"

ಪ್ರಾಣೇಶ ಜೋಳದ ಚೀಲಕ್ಕೆ ಅಡ್ಡವಾಗಿ ನಿಂತ. ಆಗಲೇ ಅವನ ಕಣ್ಣು ಆಚಾರ್ರ ಬೆನ್ನ ಹಿಂದಿನ ಟೀವಿಯ ಮೇಲೆ ಬಿತ್ತು. ಆಚಾರ್ರು ಎಡಕ್ಕೆ ಬಾಗಿ ಕೋಸಂಬರಿ ತೆಗೆದುಕೊಂಡರು. ಕೆಂಪು ಟೊಪ್ಪಿಗೆಯ ಹುಡುಗ ಎಡಕ್ಕೆ ಬಾಗಿ ಕಟ್ಟೆಯನ್ನು ಸವರಿಕೊಂಡು ಹೋದ. ಬಲಕ್ಕೆ ಬಾಗಿ ಪಲ್ಯ ಕಲಸಿದರು. ಹುಡುಗ ಬಲಕ್ಕೆ ತಿರುಗಿ ಕಂಬಿಯ ಮೇಲೆ ಹೂವಿನಂತೆ ಜಾರಿದ. ಅಂಕಗಳು ಗಿರಗಿರನೆ ಏರುತ್ತಿದ್ದವು! ಪ್ರಾಣೇಶನ ಇಡೀ ಬೆಳಗಿನ ಗಳಿಕೆಯನ್ನು ಆಚಾರ್ರು ಹೆಸರುಬೇಳೆಯಲ್ಲೇ ದಾಟಿದ್ದರು.

"ಮಣಿ ಸ್ವಲ್ಪ ಅಳ್ಳಾಡತದಲ್ಲವಾ?" ಎಂದರು ಆಚಾರ್ರು.

"ಹೊಸಾದ್ರಿ, ಕೂತಂಗ ಕೂತಂಗ ಸರಿ ಹೋಗತದ," ಎಂದರು ಭಾಗೀರಥಿಬಾಯಿ.

ಪ್ರಾಣೇಶ ತಾಯಿಯ ಕೈಯಿಂದ ಪಾತ್ರೆ ಕಸಿದುಕೊಂಡ. "ಇವತ್ತ ಬಡಸೂದು ನಾನು!"

ಹುಟ್ಟಿದಾಗಿನಿಂದ ಸೌಟು ಮುಟ್ಟದ ಮಗ ಹೀಗಂದದ್ದು ಕೇಳಿ ಆ ತಾಯಿಯ ಕಣ್ಣು ತುಂಬಿದವು. ಅವನು ಟೀವಿ ನೋಡುತ್ತ ಬಡಿಸಿದ. ಹುಡುಗ ಎಡಕ್ಕೆ ತಿರುಗಬೇಕಾದಾಗ ಎಲೆಯ ಎಡತುದಿಗೆ ಉಪ್ಪಿನಕಾಯಿ. ಬಲಕ್ಕೆ ತಿರುಗಬೇಕಾದಾಗ ಬಲತುದಿಗೆ ಹೋಳಿಗೆ. ಹುಡುಗ ಕಾರಂಜಿಯತ್ತ ನೆಟ್ಟಗೆ ಹೊರಟ. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ವಸುಧಾ ತುಪ್ಪದ ಗಿಂಡಿಯೊಡನೆ ಎಡಬದಿಗೆ ಬಂದಳು.

"ಮಾಮಾ, ಹಿಂಗ ಈ ಕಡೆ ಬಾಗರಿ, ತುಪ್ಪಾ ಹಾಕತೀನಿ."

ಹುಡುಗ ಗಕ್ಕನೆ ತಿರುಗಿ ಕಸದ ಡಬ್ಬಿಗೆ ಗುದ್ದಿದ.

"ಇದು ಮೋಸ!" ಎಂದ ಪ್ರಾಣೇಶ.

"ತುಪ್ಪದಾಗ ಮೋಸ ಎಲ್ಲಿದ?" ಆಚಾರ್ರು ಗಂಭೀರವಾಗಿ ಮೂಸಿ ನೋಡಿದರು. "ಮನಿ ತುಪ್ಪಾನ ಅದ."

ಪ್ರಾಣೇಶ ಹೋಳಿಗೆಗಳ ಆಸರೆಯಿಂದ ಹುಡುಗನನ್ನು ಮತ್ತೆ ಕಾರಂಜಿಯ ದಾರಿಗೆ ತಂದ. ಇನ್ನುಳಿದದ್ದು ಒಂದೇ: ಜಿಗಿತ. ಎಲೆಯ ಮುಂದೆ ಕೂತ ಆಚಾರ್ರನ್ನು ಜಿಗಿಸುವುದು ಹೇಗೆ? ಇದಕ್ಕೆ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ, ಅಡುಗೆಮನೆಯಲ್ಲಿತ್ತು. ಒಳಗೋಡಿ, ಕರಿದ ಮೆಣಸಿನಕಾಯಿಗಳಲ್ಲಿ ಅತ್ಯಂತ ಕೆರಳಿದ್ದನ್ನು ಆರಿಸಿ ತಂದು ಎಲೆಗೆ ಹಾಕಿದ. ಆಚಾರ್ರು ಕಚ್ಚಿದರು. ಕಣ್ಣು ಅರಳಿಸಿದರು. ಬಿಕ್ಕಳಿಸಿದರು.

"ಹಿಕ್!" ಹುಡುಗ ಬೆಂಚು ಹಾರಿದ.

"ಹಿಕ್!" ಹುಡುಗ ಬೇಲಿ ಹಾರಿದ.

"ನೀರ ಕುಡೀರಿ, ನೀರ ಕುಡೀರಿ!" ಭಾಗೀರಥಿಬಾಯಿ ಗಾಬರಿಯಾದರು.

"ಕುಡೀಬ್ಯಾಡ್ರಿ!" ಎಂದು ಪ್ರಾಣೇಶ ಚೀರಿದ.

ನಾಭಿಮೂಲದಿಂದ ಎದ್ದು ಬಂದ ಕೊನೆಯ ಬಿಕ್ಕಳಿಕೆ ಆಚಾರ್ರ ಸಮಸ್ತ ಶರೀರವನ್ನು ಹಲಗೆಯಿಂದ ಬೆರಳಷ್ಟು ಎತ್ತಿ ಇಳಿಸಿತು. ಕೆಂಪು ಟೊಪ್ಪಿಗೆಯ ಹುಡುಗ ಗರುಡನಂತೆ ಮೇಲೇರಿದ. ಗಾಳಿಯಲ್ಲಿ ತಿರುಗಿದ. ಕಾರಂಜಿಯ ಆಚೆ ಇಳಿದ!

"ಹಾರಿದ್ರು! ಹಾರಿದ್ರು!" ಪ್ರಾಣೇಶ ಸಾರಿನ ಸೌಟು ಹಿಡಿದೇ ಕುಣಿದ.

"ಯಾರ ಹಾರಿದ್ರು?"

"ನೀವ ಮಾಮಾ! ಹಿಂದ ನೋಡ್ರಿ!"

ಎಲ್ಲರೂ ಟೀವಿಯತ್ತ ತಿರುಗಿದರು. ಪರದೆ ಕಪ್ಪಾಯಿತು. ಬಂಗಾರದ ಬಾಗಿಲೊಂದು ಮೂಡಿ ನಿಧಾನವಾಗಿ ತೆರೆಯಿತು. ವಸುಧಾ ಸೆರಗಿನ ತುದಿ ಬಿಗಿಯಾಗಿ ಹಿಡಿದಳು. ಗುಪ್ತಲೋಕ ಕಾಣಿಸಿತು.

ಅದೇ ಪಾರ್ಕು. ಅದೇ ಕಟ್ಟೆ, ಅದೇ ಕಂಬಿ. ಆಕಾಶಕ್ಕೆ ಮಾತ್ರ ಸಂಜೆಯ ಬಣ್ಣ ಬಳಿದಿದ್ದರು. ಮೂಲೆಯಲ್ಲಿ, ನೆಲವೇ ಬೆಳಗುವಂತೆ, ಕಸದ ಡಬ್ಬಿ ಹೊಳೆಯುತ್ತಿತ್ತು.

ಮೊದಲು ಮಾತಾಡಿದವರು ಭಾಗೀರಥಿಬಾಯಿ. "ಇದು ಅದ ಡಬ್ಬಿ ಅಲ್ಲೇನೋ ಪಾಣ್ಯಾ? ಈ ಸಲ ಬಂಗಾರದ್ದ ಮಾಡ್ಯಾರ ನೋಡು!"

ಪ್ರಾಣೇಶನ ಸೌಟಿನಿಂದ ಸಾರು ಅವನ ಪಾದಕ್ಕೇ ಸೋರುತ್ತಿತ್ತು. ವಸುಧಾ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. "ಮಾಮಾ, ಮಜ್ಜಿಗಿ ತರತೀನಿ," ಎಂದು ಒಳಗೆ ಹೋದಳು. ಒಳಗಿನಿಂದ ಸಣ್ಣಗೆ ಭೂಪಾಳಿ ರಾಗ ಕೇಳಿಸಿತು.

ಕೈ ತೊಳೆದು ಬಂದ ಬಿಂದಾಚಾರ್ರು ಹಲಗೆಯನ್ನು ತಟ್ಟಿ ನೋಡಿದರು. "ಅಳಿಯಂದ್ರ, ಭಾಳ ಚಲೋ ಮಣಿ. ಅತ್ತಾಗ ಇತ್ತಾಗ ತೂಗತದ, ಹಿಂಗಾಗಿ ಉಂಡದ್ದು ತಾನ ಇಳೀತದ. ಇಂಥಾದು ನರಗುಂದದಾಗ ಸಿಗೂದಿಲ್ಲ ಬಿಡ್ರಿ."

"ಹಂಗಾರ ಇದನ್ನ ಒಯ್ಯರಿ!" ಎಂದರು ಭಾಗೀರಥಿಬಾಯಿ. "ಅಧಿಕಮಾಸದಾಗ ದಾನಾ ಮಾಡಿದ್ರ ಪುಣ್ಯಾ ಭಾಳ. ನಮಗ ಹಳೀ ಸಾಗವಾನಿ ಮಣಿ ಅದಲ್ಲ, ಸಾಕು." ಆಗಲೇ ಹಲಗೆಯ ಮೇಲೆ ವೀಳ್ಯದೆಲೆ, ಅಡಿಕೆ ಇಟ್ಟಾಗಿತ್ತು. "ಪಾಣ್ಯಾ, ಆ ಹಳೀದು ಎಲ್ಲೆದ? ಮತ್ತ ಕೇಳಾಕತ್ತೀನಿ."

ಪ್ರಾಣೇಶ ಜೋಳದ ಚೀಲದ ಕಡೆ ನೋಡಿದ. ಆಮೇಲೆ ಬಗ್ಗಿ ನಮಸ್ಕರಿಸಿ, ಹಲಗೆಯನ್ನು ಎರಡೂ ಕೈಯಿಂದ ಆಚಾರ್ರಿಗೆ ಒಪ್ಪಿಸಿದ. ಆ ದಿನ ಅವನು ಸಮತೋಲ ತಪ್ಪದೆ ನಿಂತದ್ದು ಅದೊಂದೇ ಸಲ.

ಸೋಮವಾರ ಸಂಜೆ ಪಡಸಾಲೆಯಲ್ಲಿ ಪೇಟಿಯ ಪಾಠ ಸುರುವಾಗುತ್ತದೆ. ಒಡೆದ ಮಣೆಯನ್ನು ಜೋಡಿಸಿ ಕೊಡಲು ಬಡಿಗ ಪ್ರಾಣೇಶನಿಗೆ ಬುಧವಾರ ಬಾ ಎಂದಿದ್ದಾನೆ.