ಗೃಹಪ್ರವೇಶದ ಆಲ್ಬಮ್ಮೂ ನನ್ನ ಗ್ರೀನ್ ಕಾರ್ಡೂ

ಮನೆ ಕಟ್ಟಿಸಿದವನ ಕೈಗೆ ಗೃಹಪ್ರವೇಶದ ಆಲ್ಬಮ್ ಸಿಕ್ಕರೆ ಎದುರಿಗಿರುವವರು ಯಾರೆಂಬುದು ಅವನಿಗೆ ಕಾಣಿಸುವುದಿಲ್ಲ. ನಮ್ಮ ತುಮಕೂರಿನಲ್ಲಿ ಕರೆಂಟ್ ಮೀಟರ್ ನೋಡಲು ಬಂದವರನ್ನೂ ಕೂರಿಸಿ, ಕಾಫಿ ಕೊಟ್ಟು, ಮೊದಲ ಪುಟದಿಂದ ತೋರಿಸುತ್ತೇವೆ. ನಾನು ಇನ್ನೂ ಮುಂದೆ ಹೋಗಿ ಅಮೆರಿಕದ ಇಮಿಗ್ರೇಷನ್ ಆಫೀಸರಿಗೇ ತೋರಿಸಿದೆ. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಡೆದದ್ದನ್ನು ನಡೆದ ಹಾಗೆಯೇ, ನಿಧಾನವಾಗಿ ಹೇಳುತ್ತೇನೆ.

ನನ್ನ ಹೆಂಡತಿ ಶೈಲಜ ಅಮೆರಿಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಕೆಲಸದಿಂದ ಅವಳಿಗೆ ಅಲ್ಲಿ ಕಾಯಂ ವಾಸದ ಗ್ರೀನ್ ಕಾರ್ಡ್ ಸಿಕ್ಕಿತು, ಅವಳ ಗಂಡನೆಂಬ ಕಾರಣಕ್ಕೆ ನನಗೂ ಒಂದು. ಆ ಕಾರ್ಡ್ ಇರುವವನ ಮನೆ ಅಮೆರಿಕದಲ್ಲೇ ಇರಬೇಕು; ಹೊರಗೆ ಬಹುಕಾಲ ನಿಂತರೆ ಕಾರ್ಡು ಕೈತಪ್ಪಬಹುದು. ತುಮಕೂರಿಗೆ ಹೋಗಿ, ಅಲ್ಲಿಯ ಮರಳೂರಿನ ಸೈಟಿನಲ್ಲಿ ಮನೆ ಕಟ್ಟಿಸಿ ಬೇಗ ಬರುತ್ತೇನೆಂದು ಹೊರಟವನು ನಾನು. ಊರ್ಡಿಗೆರೆಯ ಮೇಸ್ತ್ರಿ "ನಾಳೆ ಬತ್ತೀನಿ ಬುಡಿ ಸಾ" ಅನ್ನುತ್ತ, ಸತ್ಯಮಂಗಲದಲ್ಲಿ ಮಾಡಲು ಕೊಟ್ಟಿದ್ದ ಕಿಟಕಿ ಗ್ರಿಲ್ಲುಗಳು ಅಲ್ಲೇ ತುಕ್ಕು ಹಿಡಿಯುತ್ತ, ವರ್ಷ ತುಂಬುತ್ತ ಬಂತು.

ಗೃಹಪ್ರವೇಶಕ್ಕೆ ಶೈಲಜಳಿಗೆ ರಜೆ ಸಿಗಲಿಲ್ಲ. ಪೂಜೆಗೆ ಗಂಡ ಹೆಂಡತಿ ಇಬ್ಬರೂ ಕೂರಬೇಕಲ್ಲ! ಗುಬ್ಬಿಯಿಂದ ಬಂದಿದ್ದ ಅಕ್ಕ, "ಪಕ್ಕದ ಮಣೆ ಖಾಲಿ ಬಿಡಬಾರ್ದು ಕಣೋ, ಅವಳ ಫೋಟೋನೇ ಇಡು" ಎಂದಳು. ಪೂಜೆ ಮಾಡಿಸಲು ಬಂದಿದ್ದ ಅಯ್ನೋರು ಆಗಬಹುದೆಂದು ತಲೆಯಾಡಿಸಿದರು. ಕಟ್ಟು ಹಾಕಿಸಿದ್ದ ಫೋಟೋ ಬೋಳಾಗಿ ಕಾಣುತ್ತದೆಂದು ಅಕ್ಕನೇ ಅದಕ್ಕೊಂದು ಸೇವಂತಿಗೆ ಹಾರ ಹಾಕಿದಳು. ತಡವಾಗಿ ಬಂದ ಕುಣಿಗಲ್ಲಿನ ಸೋದರಮಾವ ಅದನ್ನು ನೋಡಿ ನನ್ನ ಕೈ ಹಿಡಿದುಕೊಂಡು, "ಧೈರ್ಯ ತಂದ್ಕೊಳಪ್ಪಾ. ನಮಗೊಂದು ಮಾತು ತಿಳಿಸ್ಬಾರ್ದಿತ್ತಾ?" ಎಂದು ಕಣ್ಣೊರೆಸಿಕೊಂಡರು. ಅವಳು ಚೆನ್ನಾಗಿಯೇ ಇದ್ದಾಳೆಂದು ಹೋಳಿಗೆ ಬಡಿಸುವವರೆಗೂ ಅವರನ್ನು ನಂಬಿಸಲಾಗಲಿಲ್ಲ.

ಅಮೆರಿಕಕ್ಕೆ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್ ಆಫೀಸರು ಪಾಸ್‌ಪೋರ್ಟ್ ತಿರುವಿ, "ಇಷ್ಟು ಕಾಲ ಅಲ್ಲಿ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು.

"ಸ್ವಂತ ಮನೆ ಕಟ್ಟಿಸಿದೆ ಸಾರ್," ಎಂದು ಕೈಚೀಲದಿಂದ ಆಲ್ಬಮ್ ತೆಗೆದು ಅವರ ಮುಂದೆ ಬಿಡಿಸಿದೆ. ಅಡುಗೆಮನೆಯ ಗ್ರಾನೈಟಿನವರೆಗೆ ವಿವರಿಸಿದ ಮೇಲೆ ಅವರ ಮುಖ ನೋಡಿದೆ.

"ಅಂದರೆ ನಿಮ್ಮ ಮನೆ ಇಂಡಿಯಾದಲ್ಲಿದೆ," ಎಂದರು.

ನನ್ನ ವಿರುದ್ಧದ ಸಾಕ್ಷಿಯನ್ನು ನಾನೇ ಕಲರಿನಲ್ಲಿ ತೆಗೆಸಿ, ಹೊತ್ತು ತಂದಿದ್ದೆ! ಹೊರಗೆ ಶೈಲಜ ಕಾಯುತ್ತಿದ್ದಳು. ಆಫೀಸರು ಇನ್ನೊಂದು ಪುಟ ತಿರುಗಿಸಿದರು. ಅವರ ಬೆರಳು ಹಾರ ಹಾಕಿದ ಫೋಟೋದ ಮೇಲೆ ನಿಂತಿತು. "ಇವರು?"

"ನನ್ನ ಹೆಂಡತಿ ಸಾರ್. ಇಲ್ಲೇ ಇದ್ದಾಳೆ, ಹೊರಗಡೆ ಕಾಯುತ್ತಿದ್ದಾಳೆ. ರಜೆ ಸಿಗದೆ ಬರಲಾಗಲಿಲ್ಲ. ಅದಕ್ಕೇ ಫೋಟೋ ಕೂರಿಸಿ ಪೂಜೆ ಮಾಡಿದೆವು."

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. ತುಟಿಯಂಚಿನಲ್ಲಿ ನಗು ಸುಳಿದಂತಾಯಿತು. "ಹೆಂಡತಿ ಇಲ್ಲಿದ್ದ ಮೇಲೆ ಮನೆಯೂ ಇಲ್ಲೇ ಅನ್ನೋಣ. ಮೊದಲು ಅವರ ಹತ್ತಿರ ಹೋಗಿ. ಇನ್ನೊಮ್ಮೆ ಇಷ್ಟು ಕಾಲ ನಿಂತರೆ ಕಾರ್ಡಿನ ಆಸೆ ಬಿಡಿ," ಎಂದು ಠಸ್ಸೆ ಒತ್ತಿದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಶೈಲಜ ನಕ್ಕು ಆಲ್ಬಮ್ ಕಿತ್ತುಕೊಂಡಳು. ಆ ಪುಟ ಬಂದಾಗ ನಗು ನಿಂತಿತು.

"ನನ್ ಫೋಟೋಗೆ ಹಾರ ಹಾಕ್ಸಿ, ಪಕ್ಕದಲ್ಲಿ ಹಲ್ಲು ಕಿರ್ಕೊಂಡು ಕೂತಿದೀರಲ್ರೀ! ನಾನಿನ್ನೂ ಇದೀನಿ!"

"ಆ ಫೋಟೋ ನೋಡಿಯೇ ನನ್ನನ್ನು ಒಳಗೆ ಬಿಟ್ಟಿದ್ದು ಕಣೇ."

"ಅವ್ರು ಬಿಟ್ರು. ಇಲ್ಲಿ ನಾನು ಬಿಡ್ಬೇಕಲ್ಲ!"

ಹೀಗೆ ಅಮೆರಿಕದಲ್ಲಿ ನನ್ನ ಕಾಯಂ ವಾಸ ಉಳಿಯಿತು. ಮನೆಯೊಳಗೆ ಮಾತ್ರ ನಾನು ಬಹಳ ದಿನ, ಮುಂದಿನ ಕೋಣೆಯ ಸೋಫಾದ ಮೇಲೆ, ವಿಸಿಟರಾಗಿಯೇ ಇದ್ದೆ.