ಅತ್ತೆಯ ಕೋಟೆಗೆ ಬಂದ ಹೆಗ್ಗಣ

ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆ ತಮ್ಮ ಅಳಿಯನ ಕೈಗೆ ನಂಬಿ ಒಪ್ಪಿಸಿದ್ದು ಒಂದನ್ನೇ, ಮಗಳನ್ನು. (ಅದಕ್ಕೂ ಅವರು ಆಗಾಗ ಪೇಚಾಡಿಕೊಳ್ಳುವುದುಂಟು.) ಅವರ ಮನೆಯಲ್ಲಿ ಅಳಿಯ ಗಡಿಯಾರಕ್ಕೆ ಸೆಲ್ ಹಾಕುವಂತಿಲ್ಲ, ಕಿಟಕಿಯ ಚಿಲಕ ಎಳೆಯುವಂತಿಲ್ಲ, ಗಿಡಕ್ಕೆ ನೀರು ಹಾಕುವಂತಿಲ್ಲ. ಅವನ ಉದ್ಯೋಗವೇ ನೀರಿನದು ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡವರಲ್ಲ. ಹೀಗಿರುವಾಗ, ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಗೆ ಬಂದವರು ಅಳಿಯನನ್ನು ಹಾಸಿಗೆಯ ಪಕ್ಕಕ್ಕೆ ಕರೆದು, ದಿಂಬಿನ ಅಡಿಯಿಂದ ತಮ್ಮ ಟ್ಯಾಬ್ಲೆಟ್ ಕಂಪ್ಯೂಟರ್ ತೆಗೆದು ಅವನ ಮುಂದೆ ಚಾಚಿದಾಗ, ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಅದರೊಳಗಿನ ಆಟದಲ್ಲಿ ಒಂದು ಕೋಟೆಯಿತ್ತು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತರಾದ ಅತ್ತೆ, ಎರಡು ವರ್ಷದಿಂದ ಆ ಕೋಟೆಯನ್ನು ಕಟ್ಟುತ್ತಿದ್ದರು. ಹದಿನಾಲ್ಕು ಗೋಪುರ. ಬಿಲ್ಲುಗಾರರದು ಒಂದು ಸಾಲು, ಫಿರಂಗಿಯದು ಒಂದು ಸಾಲು, ಬಂದವರ ಕಾಲು ಹೆಪ್ಪುಗಟ್ಟಿಸುವ ಮಂಜಿನ ಗೋಪುರ ಎರಡು. ಒಳಗೆ ಬಾವಿ, ಹೂದೋಟ, ಧಾನ್ಯದ ಕಣಜ. ದಿನವೂ ಸಂಜೆ ಐದೂವರೆಗೆ ಎಡಗಡೆಯ ದಾರಿಯಿಂದ ಶತ್ರುಸೈನ್ಯ ಬರುತ್ತದೆ. ಕಹಳೆಯ ಗುರುತನ್ನು ಒತ್ತಿದರೆ ಗೋಪುರದವರು ಎದ್ದು ಹೊಡೆಯುತ್ತಾರೆ. ಒತ್ತದಿದ್ದರೆ ಮಲಗಿಯೇ ಇರುತ್ತಾರೆ, ಕೋಟೆ ಬೀಳುತ್ತದೆ.

"ಶುಕ್ರವಾರದ ತನಕ ನಾನು ಇದನ್ನ ನೋಡೋ ಹಾಗಿಲ್ಲವಂತೆ," ಎಂದರು ಅತ್ತೆ, ಪಟ್ಟಿ ಕಟ್ಟಿದ ಕಣ್ಣನ್ನೂ ಕಟ್ಟದ ಕಣ್ಣನ್ನೂ ಮುಚ್ಚಿಕೊಂಡು. "ಮಗಳಿಗೆ ಕೊಟ್ಟರೆ ಮರೀತಾಳೆ. ನೀವಾದ್ರೆ ಹೆದರಿಕೊಂಡಾದ್ರೂ ನೆನಪಿಟ್ಟುಕೋತೀರಿ."

"ನಾನೇನು ಮಾಡಬೇಕು ಅತ್ತೆ?"

"ಐದೂವರೆಗೆ ಕಹಳೆ ಒತ್ತಿ. ಆಮೇಲೆ ಏನೂ ಮಾಡಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಒಂದು ಕಲ್ಲೂ ಮುಟ್ಟಬೇಡಿ. ನಾನು ಬಿಟ್ಟ ಹಾಗೇ ನನಗೆ ವಾಪಸ್ ಬೇಕು."

ಆಯಿತು ಅತ್ತೆ ಎಂದ. ಮನಃಪೂರ್ವಕವಾಗಿಯೇ ಎಂದ. ಆದರೆ ಅವನು ಸೋರಿಕೆ ಪರೀಕ್ಷಕ. ನೀರು ಸರಬರಾಜು ಕಚೇರಿಯಲ್ಲಿ ಅವನ ಕೆಲಸವೆಂದರೆ, ಒಂದಾಳೆತ್ತರದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೂರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ಕೇಳಿಸಿಕೊಳ್ಳುವುದು. ಕಚೇರಿಯಲ್ಲಿ ಅವನನ್ನು ಕಿವಿ ಸಾಹೇಬ ಎನ್ನುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ಸೋರಿಕೆಯನ್ನೂ ಕಂಡು ಬಿಟ್ಟುಬಂದವನಲ್ಲ. ಯಾರದೋ ಮದುವೆಯೂಟ ಬಿಟ್ಟು ಕೈತೊಳೆಯುವ ನಲ್ಲಿಯ ವಾಷರ್ ಬದಲಾಯಿಸಿದ್ದ. (ಮದುವೆ ಅವನ ಕಡೆಯವರದೇ ಆಗಿದ್ದರೆ ಹೆಂಡತಿ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.)

ಸೋಮವಾರ ಐದೂವರೆಗೆ ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ನಿಲ್ಲಿಸಿ ಕಹಳೆ ಒತ್ತಿದ. ಶತ್ರುಗಳು ಸಾಲುಗಟ್ಟಿ ಬಂದರು, ಸಾಲುಗಟ್ಟಿ ಬಿದ್ದರು. ಎರಡು ನಿಮಿಷದಲ್ಲಿ ದಾರಿ ಖಾಲಿ. ಕಿವಿ ಸಾಹೇಬ ಉಸಿರು ಬಿಡುವಷ್ಟರಲ್ಲಿ ಕೊನೆಯವನೊಬ್ಬ ಬಂದ. ಕುಳ್ಳ, ಡೊಳ್ಳುಹೊಟ್ಟೆ, ತಲೆಗೆ ದೀಪದ ಟೋಪಿ, ಮುಖ ಥೇಟ್ ಹೆಗ್ಗಣದ್ದು. ಅರ್ಧ ದಾರಿ ಬಂದವನು ನಿಂತು, ಅಂಗೈ ಉಜ್ಜಿಕೊಂಡು, ಸರ್ರನೆ ನೆಲಕ್ಕಿಳಿದುಬಿಟ್ಟ. ಮೇಲೆ ಮಣ್ಣಿನ ಗೆರೆಯೊಂದು ಮಾತ್ರ ಉಬ್ಬುತ್ತಾ ಸಾಗಿತು. ಹದಿನಾಲ್ಕು ಗೋಪುರಗಳಲ್ಲಿ ಒಂದೂ ಅವನ ಮೇಲೆ ಬಾಣ ಬಿಡಲಿಲ್ಲ. ಗೆರೆ ಗೋಡೆ ದಾಟಿತು, ಹೂದೋಟ ದಾಟಿತು, ಕಣಜದ ಹಿಂದೆ ಬಾಯಿ ತೆರೆಯಿತು. ಹೆಗ್ಗಣ ಎದ್ದು ಬಂದು, ಕಣಜದ ಹೊರಗೆ ಯಾರೋ ಮರೆತಿಟ್ಟಂತಿದ್ದ ಒಂದು ಮೂಟೆಯನ್ನು ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಮಾಯವಾದ.

ಕಿವಿ ಸಾಹೇಬ ಕಣಜದಲ್ಲಿದ್ದ ಮೂಟೆಗಳನ್ನು ಎಣಿಸಿದ.

"ಎಲ್ಲಾ ಸರಿಯಾಗಿದೆಯಾ ಅಳಿಯಂದ್ರೇ?" ಒಳಕೋಣೆಯಿಂದ ಪ್ರಶ್ನೆ ಬಂತು.

"ಎಲ್ಲಾ ಸರಿಯಾಗಿದೆ ಅತ್ತೆ."

ಹೆಂಡತಿ ಅವನ ಮುಖ ನೋಡಿದಳು. "ಏನಾಯ್ತು ರೀ?"

"ಒಂದು ಮೂಟೆ ಹೋಯ್ತು," ಎಂದ ಪಿಸುದನಿಯಲ್ಲಿ. "ನಾನು ಕಾವಲಿಗೆ ಕೂತ ಮೊದಲನೇ ದಿನವೇ."

"ಅಮ್ಮನ್ನ ಕೇಳಿ. ಎರಡು ವರ್ಷದಿಂದ ಆಡ್ತಿದಾಳೆ, ಅವಳಿಗೆ ಗೊತ್ತಿರತ್ತೆ."

"ಕೇಳಿದ್ರೆ ಕಳ್ಳ ಬಂದಿದ್ದ ಅಂತ ಹೇಳಬೇಕಾಗತ್ತೆ. ಡಾಕ್ಟ್ರು ಅವರಿಗೆ ಗಾಬರಿ ಆಗಬಾರದು ಅಂದಿದಾರೆ."

"ಡಾಕ್ಟ್ರು ಹೇಳಿದ್ದು ಬಗ್ಗಬಾರದು ಅಂತ."

ಮಂಗಳವಾರ ಬೆಳಗ್ಗೆ ನೋಡಿದರೆ ಅದೇ ಜಾಗದಲ್ಲಿ ಹೊಸದೊಂದು ಮೂಟೆ. ಆಟವೇ ಕಣಜದಿಂದ ತೆಗೆದು ಅಲ್ಲಿಡುತ್ತಿತ್ತು. ಇಂಥ ಅಜಾಗರೂಕತೆ ಅತ್ತೆಯಂಥವರ ಕೋಟೆಯಲ್ಲಿ ಹೇಗೆ ಬಂತು ಎಂದು ಅವನಿಗೆ ಆಶ್ಚರ್ಯವಾಯಿತು. ಒಂದು ಕಲ್ಲೂ ಮುಟ್ಟಬೇಡಿ ಎಂದಿದ್ದರು. ಮೂಟೆ ಕಲ್ಲಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಅದನ್ನು ಒಳಗೆ ಎಳೆದಿಟ್ಟ.

ಆ ಸಂಜೆ ಮಾರುಕಟ್ಟೆಯ ಹಿಂದೆ ಕೊಳವೆ ಒಡೆದದ್ದರಿಂದ ಐದೂವರೆಗೆ ಅವನು ಇನ್ನೂ ಇಲಾಖೆಯ ವ್ಯಾನಿನಲ್ಲೇ ಇದ್ದ. ತೊಡೆಯ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಕಹಳೆ ಒತ್ತಿದ. ಹೆಗ್ಗಣ ಬಂದ, ಇಳಿದ, ಎದ್ದ, ಹೊರಗೆ ಮೂಟೆ ಕಾಣದೆ ಒಂದು ಕ್ಷಣ ತಲೆ ಕೆರೆದುಕೊಂಡು, ಕಣಜದ ಬಾಗಿಲು ಒದ್ದು ಮೂರು ಮೂಟೆ ಹೊತ್ತುಕೊಂಡು ಹೋದ.

"ಮೂರು," ಎಂದ ಕಿವಿ ಸಾಹೇಬ.

ಡ್ರೈವರ್ ಬಗ್ಗಿ ನೋಡಿದ. ಐವತ್ತು ದಾಟಿದ ಮನುಷ್ಯ. ಊರಿನ ಯಾವ ಗುಂಡಿ ಯಾವ ವರ್ಷದ್ದು ಎಂದು ಬಲ್ಲವನು. "ಈ ಆಟ ನನ್ನ ತಂಗಿ ಗಂಡ ಆಡ್ತಾನೆ ಸಾರ್. ಇವನು ಎದ್ದ ಕಡೆ ಫಿರಂಗಿ ಇಡಿ, ಮುಗೀತು."

"ನೀರು ಮೇಲೆ ಬಂದ ಕಡೆ ಪೈಪು ಒಡೆದಿರಲ್ಲ ಕಣಯ್ಯ," ಎಂದ ಕಿವಿ ಸಾಹೇಬ ಗಂಭೀರವಾಗಿ. "ಎದ್ದ ಕಡೆ ಅಗೆಯೋನು ಹೊಸಬ. ಅದು ಹರಿದು ಬರೋ ದಾರಿ ಹಿಡೀಬೇಕು."

"ಹಂಗಾದ್ರೆ ನಗಾರಿ ಗೋಪುರ ಹಾಕಿ. ನಗಾರಿ ಬಡಿದ್ರೆ ಮಣ್ಣು ಅದುರತ್ತೆ, ಒಳಗಿದ್ದೋನು ಮೇಲೆ ಬರ್ಲೇಬೇಕು. ಆದ್ರೆ ಅವನು ಒಳಗೆ ನಿಂತು ಸುಧಾರಿಸಿಕೊಳ್ಳೋ ಜಾಗದ ಮೇಲೇ ಸರಿಯಾಗಿ ಇರಬೇಕು ಸಾರ್. ಒಂದು ಗೇಣು ಆಚೀಚೆ ಆದ್ರೆ ಸುಮ್ನೆ ಸದ್ದು."

ಅತ್ತೆಯ ಉಗ್ರಾಣದಲ್ಲಿ ನಗಾರಿ ಗೋಪುರ ಒಂದಿತ್ತು. ಹೊಸದು, ಒಂದು ಸಲವೂ ಬಳಸಿರಲಿಲ್ಲ. ಅವರಿಗೆ ಅದರ ಉಪಯೋಗ ಗೊತ್ತಿಲ್ಲ ಪಾಪ ಎಂದುಕೊಂಡ ಕಿವಿ ಸಾಹೇಬ. ಹನ್ನೊಂದು ವರ್ಷದಲ್ಲಿ ಅತ್ತೆಯನ್ನು ಪಾಪ ಎಂದುಕೊಂಡದ್ದು ಅದೇ ಮೊದಲು. ಆ ಭಾವನೆ ಅವನಿಗೆ ಹಿತವಾಗಿಯೇ ಇತ್ತು.

ಬುಧವಾರ ಸಂಜೆ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಾಗ ಕಂಡ ದೃಶ್ಯ ಇದು: ಮೇಜಿನ ಮೇಲೆ ಟ್ಯಾಬ್ಲೆಟ್ ಮಕಾಡೆ ಬಿದ್ದಿದೆ. ಅದರ ಬೆನ್ನಿಗೆ ಕಬ್ಬಿಣದ ಸಲಾಕೆಯ ತುದಿ ತಾಗಿದೆ. ಗಂಡ ಕುರ್ಚಿಯ ಮೇಲೆ ನಿಂತು ಸಲಾಕೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದಾನೆ.

"ಕಚೇರಿ ಸಾಮಾನು ಮನೆಗೆ ತಂದಿದೀರಾ?"

"ಶ್. ಅಗೀತಾ ಇದಾನೆ."

"ಆ ಗಾಜಿಗೇನಾದ್ರೂ ಆದ್ರೆ ಅಮ್ಮ ನಿಮ್ಮನ್ನ ಅಗೀತಾಳೆ."

"ಮೇಲಿನ ಗೆರೆ ನೋಡಿದ್ರೆ ಗೊತ್ತಾಗಲ್ಲ, ಒಳಗೆ ಎಲ್ಲೋ ಒಂದು ಕಡೆ ನಿಂತು ಸುಧಾರಿಸಿಕೋತಾನೆ. ಹದಿನೇಳನೇ ಸೆಕೆಂಡಿಗೆ ಸದ್ದು ನಿಲ್ಲತ್ತೆ." ಅವನು ಕೈಗಡಿಯಾರ ನೋಡಿಕೊಂಡು, ಕುರ್ಚಿಯಿಂದಿಳಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕೋಟೆಯ ನಕ್ಷೆಗೆ ಒಂದು ಗುರುತು ಹಾಕಿದ. ಗುರುತು ಬಿದ್ದದ್ದು ಹೂದೋಟದ ಮಧ್ಯದಲ್ಲಿ.

"ಎಲ್ಲಾ ಸರಿಯಾಗಿದೆಯಾ?" ಎಂದರು ಒಳಗಿನಿಂದ ಅತ್ತೆ. "ಏನೋ ಕುರ್ಚಿ ಎಳೆದ ಸದ್ದು."

"ಎಲ್ಲಾ ಸರಿಯಾಗಿದೆ ಅತ್ತೆ." ಅಂದೂ ಹೊರಗೆ ಮೂಟೆ ಸಿಗದ ಹೆಗ್ಗಣ ಆ ಹೊತ್ತಿಗೆ ಕಣಜದಿಂದ ಐದು ಮೂಟೆ ಹೊತ್ತಿದ್ದ.

ಗುರುವಾರ ಅವನಿಗೆ ತಿಂಡಿ ಸೇರಲಿಲ್ಲ. ದಿನವಿಡೀ ರಸ್ತೆಗೆ ಕಿವಿಯಿಟ್ಟಾಗಲೆಲ್ಲ ಸಣ್ಣ ಗುದ್ದಲಿಯ ಸದ್ದೇ ಕೇಳುತ್ತಿತ್ತು. ಕಣಜದಲ್ಲಿ ಉಳಿದದ್ದು ಆರು ಮೂಟೆ. ಅದೂ ಹೋದರೆ ಗೋಪುರದವರು ಉಪವಾಸ ಬೀಳುತ್ತಾರೆ, ಆಮೇಲೆ ಕೋಟೆಯನ್ನು ಶತ್ರು ಬೀಳಿಸಬೇಕಾಗಿಯೇ ಇಲ್ಲ. ನಾಳೆ ಬೆಳಗ್ಗೆ ಅತ್ತೆಯ ಪಟ್ಟಿ ಬಿಚ್ಚುತ್ತಾರೆ. ಪಟ್ಟಿ ಬಿಚ್ಚಿದ ಕಣ್ಣು ಮೊದಲು ನೋಡುವುದು ಖಾಲಿ ಕಣಜವನ್ನು, ಆಮೇಲೆ ಅವನನ್ನು. ಐದೂಕಾಲಿಗೆ ಅವನು ಹೂದೋಟ ಕಿತ್ತ. ಕೆಂಪು ಗಿಡ, ಹಳದಿ ಗಿಡ, ಅತ್ತೆ ಬಣ್ಣ ವಿಂಗಡಿಸಿ ನೆಟ್ಟ ಒಂದೊಂದೇ ಸಾಲು. ಆ ಜಾಗದಲ್ಲಿ ನಗಾರಿ ಗೋಪುರ ಎದ್ದಿತು.

ಐದೂವರೆ. ಕಹಳೆ. ಸೈನ್ಯ ಬಂತು, ಬಿತ್ತು. ಹೆಗ್ಗಣ ಅಂಗೈ ಉಜ್ಜಿಕೊಂಡು ನೆಲಕ್ಕಿಳಿದ. ಕಿವಿ ಸಾಹೇಬ ಬೆರಳಲ್ಲಿ ಎಣಿಸಿದ. ಹದಿನೈದು, ಹದಿನಾರು, ಹದಿನೇಳು. ನಗಾರಿ ಗುಡುಗಿತು. ಮಣ್ಣು ಸಿಡಿದು ಹೆಗ್ಗಣ ಟೋಪಿ ಸಮೇತ ಗಾಳಿಗೆ ಚಿಮ್ಮಿದ. ಹದಿನಾಲ್ಕು ಗೋಪುರಗಳು ಎರಡು ವರ್ಷದ ಸಿಟ್ಟನ್ನೆಲ್ಲ ಒಂದೇ ಸಲ ತೀರಿಸಿಕೊಂಡವು.

ಪರದೆಯ ತುಂಬ ಹೂಮಳೆ ಸುರಿಯಿತು. ಬಂಗಾರದ ಅಕ್ಷರಗಳು ಮೂಡಿದವು. 'ಒಬ್ಬ ಶತ್ರುವೂ ಉಳಿದಿಲ್ಲ. ಈ ನಾಡು ಸಂಪೂರ್ಣವಾಗಿ ನಿಮ್ಮದು. ಹೊಸ ನಾಡಿಗೆ ಸ್ವಾಗತ.'

ಅವನು ಕುರ್ಚಿಯಿಂದ ಎದ್ದ. ಮತ್ತೆ ಕುಳಿತ. ಹೂಮಳೆ ನಿಂತಿತ್ತು. ಪರದೆಯ ಮೇಲೆ ಮರಳು, ಒಂದು ಒಣ ಪೊದೆ, ಬಿಲ್ಲು ಹಿಡಿದ ಒಬ್ಬನೇ ಒಬ್ಬ ಸೈನಿಕ. ಹಿಂದಕ್ಕೆ ಹೋಗುವ ಗುರುತನ್ನು ಒತ್ತಿದ. ಮರಳು. ಟ್ಯಾಬ್ಲೆಟ್ ಆರಿಸಿ ಹಚ್ಚಿದ. ಮರಳು. ಅಲ್ಲಾಡಿಸಿದ.

"ಕೋಟೆ ಎಲ್ಲಿ ರೀ?" ಎಂದಳು ಹೆಂಡತಿ ಭುಜದ ಮೇಲಿಂದ ಇಣುಕಿ.

"ಗೆದ್ದೆ," ಎಂದ ಅವನು.

ಶುಕ್ರವಾರ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಕಿವಿ ಸಾಹೇಬ ಟ್ಯಾಬ್ಲೆಟ್ ಇದ್ದ ಚೀಲವನ್ನು ಎದೆಗವಚಿಕೊಂಡು ಕೂತಿದ್ದ. ಒಳಗಿನಿಂದ ಅತ್ತೆ ಕಪ್ಪು ಕನ್ನಡಕದಲ್ಲಿ ಹೊರಬಂದರು. ಪರದೆ ನೋಡುವುದು ಇನ್ನೂ ಹದಿನೈದು ದಿನ ಬೇಡವೆಂದು ಡಾಕ್ಟರು ಹೇಳಿದ್ದರು. "ಹೋಗ್ಲಿ ಬಿಡಿ, ಅಳಿಯಂದ್ರು ಇದಾರಲ್ಲ ಅಂದೆ," ಎಂದು ಅತ್ತೆ ಅವನ ಪಕ್ಕ ಕುಳಿತರು. ಹನ್ನೊಂದು ವರ್ಷದಲ್ಲಿ ಅಂಥ ಮಾತು ಅವರ ಬಾಯಿಂದ ಬಂದಿರಲಿಲ್ಲ. ಅವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮೂಟೆಯಿಂದ ಹಿಡಿದು ಮರಳಿನವರೆಗೆ ಎಲ್ಲವನ್ನೂ ಹೇಳಿಬಿಟ್ಟ.

ಅತ್ತೆ ಕಪ್ಪು ಕನ್ನಡಕವನ್ನು ಮೂಗಿನ ಮೇಲಕ್ಕೇರಿಸಿದರು.

"ಆ ಮೂಟೆ ನಾನೇ ಹೊರಗಿಟ್ಟಿದ್ದು," ಎಂದರು. "ದಿನಾ ಅಲ್ಲಿ ಬರೋ ಹಾಗೆ ಗೊತ್ತುಮಾಡಿದ್ದೆ. ಒಬ್ಬನಾದ್ರೂ ತಪ್ಪಿಸಿಕೊಂಡು ಹೋದ್ರೆ ತಾನೇ ನಾಳೆ ಮತ್ತೆ ಯುದ್ಧ. ಎಲ್ಲರೂ ಸತ್ರೆ ಆಟ ಈ ಕೋಟೆ ಮುಗೀತು ಅಂತ ಅಳಿಸಿ, ಮುಂದಕ್ಕೆ ಕಳಿಸಿಬಿಡತ್ತೆ. ಆ ಹೆಗ್ಗಣ ಇದ್ದಿದ್ರಿಂದ ನನ್ನ ಕೋಟೆ ಇತ್ತು ಅಳಿಯಂದ್ರೇ."

"ಒಂದು ಮಾತು ಹೇಳಿದ್ರೆ..."

"ಎಲ್ಲಾ ಸರಿಯಾಗಿದೆಯಾ ಅಂತ ದಿನಾ ಕೇಳಿದೆ."

ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು. "ಹದಿನೈದು ದಿನ ಇದೆ. ನಾನು ಹೇಳ್ತೀನಿ, ನೀವು ಕಟ್ಟಿ. ಮುಗಿಯೋ ತನಕ ಇಲ್ಲೇ ಇರ್ತೀನಿ."

ಹೊಸ ನಾಡಿಗೆ ಹೆಗ್ಗಣ ಬರುವುದು ನೂರನೆಯ ದಿನಕ್ಕಂತೆ. ಅಲ್ಲಿಯವರೆಗೆ ದಿನವೂ ಯಾರಾದರೊಬ್ಬ ಶತ್ರುವನ್ನು ಜೀವಸಹಿತ ಕಳಿಸಿಕೊಡಬೇಕು. ಹೀಗಾಗಿ ಈಗ ಸಂಜೆ ಐದೂವರೆಗೆ ಆ ಮನೆಯಲ್ಲಿ, ಕಪ್ಪು ಕನ್ನಡಕದ ಅತ್ತೆ ಟ್ಯಾಬ್ಲೆಟ್‌ಗೆ ಬೆನ್ನುಹಾಕಿ ಕೂತಿರುತ್ತಾರೆ. ಕಿವಿ ಸಾಹೇಬ ಪರದೆಯ ಮೇಲೆ ಬಾಗಿ, ಉಗುರು ಕಚ್ಚುತ್ತಾ, ಬಾಣದ ಏಟಿಗೆ ಕುಂಟುತ್ತಿರುವ ಕೊನೆಯ ಸೈನಿಕನನ್ನು ಕಾಯುತ್ತಿರುತ್ತಾನೆ.

"ಹೋದನಾ?"

"ಇನ್ನೂ ಇಲ್ಲ ಅತ್ತೆ. ಬಿದ್ದುಬಿಟ್ಟ."

"ಬಿಲ್ಲುಗಾರರನ್ನ ಮಲಗಿಸಿ ಬೇಗ."

"ಮಲಗಿಸಿದೆ. ಎದ್ದ, ಎದ್ದ. ಓಡಪ್ಪ, ಓಡು, ಆ ಕಡೆ ಅಲ್ಲ..."

"ಕಾಫಿ ಆರ್ತಿದೆ ರೀ," ಎಂದು ಅಡುಗೆಮನೆಯಿಂದ ಹೆಂಡತಿ ಕೂಗುತ್ತಾಳೆ.

"ಒಂದು ನಿಮಿಷ ಇರು," ಎನ್ನುತ್ತಾನೆ ಅವನು, ಹಣೆಯ ಬೆವರು ಒರೆಸಿಕೊಂಡು. "ಇವನೊಬ್ಬ ಮನೆ ಸೇರಲಿ."