ಮೊಲಕ್ಕೆ ತಕ್ಕ ಕೋವಿ

ಮನುಷ್ಯನಿಗೆ ಎಂತೆಂಥದೋ ಚಟಗಳಿರುತ್ತವೆ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು, ಕೆಲವರಿಗೆ ಬೇರೆಯವರ ಮನೆಯ ಪಂಚಾಯಿತಿ. ನನ್ನದು ತಲೆಯಾಡಿಸುವ ಚಟ. ಎದುರಿಗಿರುವವರು ಏನು ಹೇಳಿದರೂ, ಅದು ನನಗೆ ಅರ್ಥವಾಗಲಿ ಬಿಡಲಿ, ಹುಟ್ಟಿದಾಗಿನಿಂದ ಗೊತ್ತಿದ್ದವನಂತೆ ತಲೆಯಾಡಿಸಿಬಿಡುತ್ತೇನೆ. ‘ಗೊತ್ತಿಲ್ಲ’ ಎಂಬ ಮಾತು ಗಂಟಲವರೆಗೆ ಬಂದಿರುತ್ತದೆ. ಅಷ್ಟರಲ್ಲಿ ತಲೆ ತನ್ನ ಕೆಲಸ ಮುಗಿಸಿರುತ್ತದೆ. ಗ್ಯಾರೇಜಿನವನು ನನ್ನ ಸ್ಕೂಟರಿನ ಹೊಟ್ಟೆಯಿಂದ ಏನನ್ನೋ ಕಿತ್ತು ತೋರಿಸಿ, “ನೋಡಿ ಸಾರ್, ಇದು ಹೋಗೈತೆ” ಎಂದರೆ, ನನಗೆ ಮೊದಲಿನಿಂದಲೂ ಅದರ ಮೇಲೇ ಗುಮಾನಿ ಇತ್ತು ಎಂಬಂತೆ ತಲೆಯಾಡಿಸುತ್ತೇನೆ. ಹೊನ್ನಾಳಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿಯಿದೆ. ಅಲ್ಲಿ ಈ ಚಟದಿಂದ ಲಾಭವೇ ಆಗಿದೆ. ಗಿರಾಕಿಗಳು ಕಣ್ಣಿನ ಕಷ್ಟದ ಜೊತೆಗೆ ಸೊಸೆಯ ಕಷ್ಟವನ್ನೂ ಹೇಳುತ್ತಾರೆ, ನಾನು ಎರಡಕ್ಕೂ ತಲೆಯಾಡಿಸುತ್ತೇನೆ, ಅವರು ಸಮಾಧಾನದಿಂದ ಕನ್ನಡಕ ಏರಿಸಿಕೊಂಡು ಹೋಗುತ್ತಾರೆ. ಆದರೆ ಇದೇ ಚಟ ಹೋದ ವರ್ಷ ನನ್ನನ್ನು ಒಂದು ಮೊಲದ ಕೊಲೆಯವರೆಗೆ ಎಳೆದುಕೊಂಡು ಹೋಗಿತ್ತು.

ನನ್ನ ಹೆಂಡತಿ ಸುಮಾಳ ತವರು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿ. ಹೆಣ್ಣು ನೋಡಲು ಹೋದಾಗ ನನ್ನ ಚಿಕ್ಕಪ್ಪ, ಮಾತಿಗೆ ಮಾತು ಬೇಕಲ್ಲ ಎಂದು, “ನಮ್ ಹುಡುಗನ ಕಣ್ಣು ಬಾಳ ಚುರುಕು ಕಣ್ರೀ. ಗುರಿ ಇಟ್ಟ ಅಂದ್ರೆ ತಪ್ಪಾದೇ ಇಲ್ಲ” ಎಂದುಬಿಟ್ಟರು. ಚಿಕ್ಕಂದಿನಲ್ಲಿ ನಾನು ಕಲ್ಲು ಬೀರಿ ಹುಣಸೆಕಾಯಿ ಕೆಡವಿದ್ದನ್ನು ಅವರು ಒಮ್ಮೆ ನೋಡಿದ್ದರು. ನಾನು ಗುರಿಯಿಟ್ಟದ್ದು ಬೇರೆ ಕೊಂಬೆಗೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಭಾವಿ ಮಾವನವರು ಮೆಚ್ಚುಗೆಯಿಂದ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

ಮದುವೆಯಾದ ಮೇಲೆ ಮೊದಲ ಸಂಕ್ರಾಂತಿ ಹತ್ತಿರ ಬಂತು. ಮಾವ ಓಬಳಪ್ಪನವರು ಫೋನು ಮಾಡಿದರು. “ಅಳಿಯಂದ್ರೆ, ಈ ಸರ್ತಿ ಸಂಕ್ರಾಂತಿ ಮೊಲ ನಮ್ಮನೆ ಪಾಳಿ. ಮನೆ ಅಳಿಯನೇ ಅಡವಿಯಿಂದ ಮೊಲ ತರ್ಬೇಕು. ಹಿಂದ್ಲಿಂದ ಬಂದ ಪದ್ಧತಿ ಐತೆ, ತಪ್ಪಿಸ್ಬ್ಯಾಡ್ರಿ.” ನಾನು ಫೋನಿನಲ್ಲೇ ತಲೆಯಾಡಿಸಿದೆ. ಅದು ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ, “ಅದಕ್ಕೇನಂತೆ, ತರೋಣ” ಎಂದೆ. ನಾವು ಹೊಳೆಯ ದಂಡೆಯ ಜನ. ನಮ್ಮಲ್ಲಿ ಸಂಕ್ರಾಂತಿಯೆಂದರೆ ತುಂಗಭದ್ರೆಗೆ ಹೋಗಿ ಮುಳುಗು ಹಾಕಿ, ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿಂದು, ಮರಳಿನ ಮೇಲೆ ಉರುಳಿ ಬರುವುದು. ಇದರಲ್ಲಿ ಮೊಲ ಎಲ್ಲಿಂದ ಬಂತೋ ತಿಳಿಯಲಿಲ್ಲ. ಸಂಜೆ ಸುಮಾ, “ಅಪ್ಪ ಮೊಲದ್ದು ಹೇಳಿದ್ನಾ? ಎಲ್ಲಾ ಗೊತ್ತೈತಲ್ಲ ನಿಮಗೆ?” ಎಂದು ಕೇಳಿದಳು. ಅಲ್ಲಿ ‘ಇಲ್ಲ ಮಾರಾಯ್ತಿ’ ಎಂದಿದ್ದರೆ ಈ ಕಥೆ ಮುಗಿದಿರುತ್ತಿತ್ತು. ಹೊಸ ಗಂಡ ನಾನು. ತಲೆಯಾಡಿಸಿದೆ.

ನಾನು ಎಂಥ ಶೂರ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಮನೆಯಲ್ಲಿ ಜಿರಲೆ ಕಂಡರೆ ನಾನು ಕಾಲು ಮೇಲೆತ್ತಿಕೊಂಡು ಕುರ್ಚಿಯಲ್ಲಿ ಕೂರುತ್ತೇನೆ, ಚಪ್ಪಲಿ ಹಿಡಿಯುವವಳು ಸುಮಾ. ಅದು ಸತ್ತ ಮೇಲೂ ‘ಪಾಪ’ ಅನ್ನಿಸುತ್ತದೆ. ಇಂಥವನು ಮಾವನ ಊರಿನ ಅಷ್ಟೂ ಗಂಡಸರ ಎದುರಿಗೆ ಮೊಲ ಹೊಡೆಯಬೇಕು. ಹೊಡೆದರೆ ಕಾನೂನು ಬಿಡುವುದಿಲ್ಲ, ಹೊಡೆಯದಿದ್ದರೆ ಮಾವನ ಮನೆಯಲ್ಲಿ ಮಾನ ಉಳಿಯುವುದಿಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ಮೊಲ. ಜೈಲಿಗೆ ಹೋದರೆ ಯಾರಾದರೂ ಜಾಮೀನು ಕೊಟ್ಟಾರು, ಮಾವನ ಮನೆಯಲ್ಲಿ ಹೋದ ಮಾನಕ್ಕೆ ಯಾರು ಜಾಮೀನು ಕೊಡುತ್ತಾರೆ? ಹೀಗೆ ಯೋಚಿಸಿ ಏರ್ ಗನ್ ಕೊಳ್ಳುವುದೆಂದು ತೀರ್ಮಾನಿಸಿದೆ.

ಚನ್ನಗಿರಿಯಲ್ಲಿ ನನ್ನ ಕಾಲೇಜು ಗೆಳೆಯ ನಾಗರಾಜನ ಬೀಜ-ಗೊಬ್ಬರದ ಅಂಗಡಿಯಿದೆ. ಅವನು ಜನ್ಮದಲ್ಲಿ ಕೋವಿ ಮುಟ್ಟಿದವನಲ್ಲ. ಆದರೆ ಮೊಬೈಲಿನಲ್ಲಿ ಆ ಕುರಿತ ವಿಡಿಯೊಗಳನ್ನು ನೋಡಿ ನೋಡಿ, ಉಬ್ರಾಣಿ ಕಡೆಯ ರೈತರು ಗೊಬ್ಬರ ಕೇಳಲು ಬಂದರೆ ಕೋವಿಯ ವಿಷಯ ಹೇಳಿ ಕಳಿಸುವಷ್ಟು ಪ್ರವೀಣನಾಗಿದ್ದ. ನಾನು ವಿಷಯ ತೆಗೆದದ್ದೇ ತಡ, ಯೂರಿಯಾ ಮೂಟೆಯ ಮೇಲೆ ಕೂರಿಸಿ ಪಾಠ ಶುರುಮಾಡಿದ. “ಮೊದ್ಲು ಸ್ಪ್ರಿಂಗ್ ಬೇಕಾ, ಗ್ಯಾಸ್ ಬೇಕಾ ಹೇಳು. ಸ್ಪ್ರಿಂಗಿಂದು ಒದೀತದೆ. ಗ್ಯಾಸಿಂದು ನಯ. ಇನ್ನೊಂದೈತೆ, ಸೈಕಲ್ಲಿಗೆ ಹೊಡ್ದಂಗೆ ಪಂಪಲ್ಲಿ ಗಾಳಿ ತುಂಬಾದು. ಸಣ್ಣ ಗುಂಡು ಜೋರಾಗಿ ಓಡ್ತದೆ, ದಪ್ಪ ಗುಂಡು ಜೋರಾಗಿ ಬಡೀತದೆ. ಮೊಲಕ್ಕಾದ್ರೆ ನೋಡು, ಕಿವಿ ಕಣ್ಣು ಎರಡರ ಮಧ್ಯೆ ಹೊಡೀಬೇಕು...” ದಿನವಿಡೀ ನಾನು ಗಿರಾಕಿಗಳ ಕಣ್ಣಿನ ಮುಂದೆ ಗಾಜು ಬದಲಿಸುತ್ತಾ, ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ಕೇಳುವವನು. ಗಿರಾಕಿಗಳು ಎಷ್ಟು ಗೊಂದಲದಲ್ಲಿ ಉತ್ತರ ಕೊಡುತ್ತಾರೆಂಬುದು ಅವತ್ತು ಅರ್ಥವಾಯಿತು. “ಮೊಲಕ್ಕೆ ಜಾಸ್ತಿ ನೋವಾಗದಂಥದ್ದು ಯಾವುದಾದರೂ ಇದೆಯಾ?” ಎಂದು ಮೆಲ್ಲಗೆ ಕೇಳಿದೆ. ನಾಗರಾಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಂಗೆ ಕೋವಿ ಬ್ಯಾಡ, ಕ್ಯಾರೆಟ್ ತಗೊಂಡು ಹೋಗು” ಎಂದ.

ಆದರೂ ದಾವಣಗೆರೆಗೆ ಹೋದೆ. ಅಂಗಡಿಯ ಗೋಡೆಯ ಮೇಲೆ ‘ಪ್ರಾಣಿ ಪಕ್ಷಿಗಳ ಮೇಲೆ ಪ್ರಯೋಗಿಸಬಾರದು’ ಎಂದು ದೊಡ್ಡದಾಗಿ ಬರೆದಿತ್ತು. ಅಂಗಡಿಯವರು “ಯಾತಕ್ಕೆ ಬೇಕ್ರಿ?” ಎಂದರು. ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು ಎಂದೆ. ನನಗೆ ತೋಟವಿಲ್ಲ. ಅವರು ತಲೆಯಾಡಿಸಿದರು, ನನ್ನ ಚಟ ಬೇರೆಯವರಿಗೂ ಇರುವುದು ಕಂಡು ಧೈರ್ಯ ಬಂತು. ನಾಗರಾಜ ಹೇಳಿಕೊಟ್ಟಿದ್ದ ದಪ್ಪ ಗುಂಡಿನದಕ್ಕೆ ಲೈಸೆನ್ಸ್ ಬೇಕೆಂದು ಗೊತ್ತಾಯಿತು. ಉಳಿದವುಗಳಲ್ಲಿ ಜೋರಿನದೊಂದನ್ನು ಕೈಗೆ ಕೊಟ್ಟು, ನಳಿಗೆ ಬಗ್ಗಿಸಿ ಗುಂಡು ತುಂಬಿ ನೋಡಿ ಎಂದರು. ತೊಡೆಗೆ ಒತ್ತಿ ಬಗ್ಗಿಸಿದೆ, ಬಗ್ಗಿದ್ದು ನಾನು. ಆಮೇಲೆ ಅವರು ಒಂದೊಂದಾಗಿ ಕಡಿಮೆ ಬಿರುಸಿನವನ್ನು ತೆಗೆಯುತ್ತಾ ಬಂದು, ಕೊನೆಗೆ ಕಪಾಟಿನ ಕೆಳಗಿನಿಂದ ಒಂದು ಹಗುರ ಕೋವಿ ಎತ್ತಿಕೊಟ್ಟು, “ಇದು ಹೊಸದಾಗಿ ಕಲಿಯೋರು ತಗೊಳ್ಳಾದು, ಮಂಗಕ್ಕೆ ಸಾಕು ಬಿಡ್ರಿ” ಎಂದರು. ಮಾವನವರಿಗೆ ಮೆಚ್ಚುಗೆಯಾಗಬೇಕು, ಮೊಲಕ್ಕೆ ಏನೂ ಆಗಬಾರದು, ಅಂಥ ಕೋವಿ ನನಗೆ ಬೇಕಾಗಿತ್ತು. ಅಂಥದ್ದನ್ನು ಯಾವ ಕಂಪನಿಯವರೂ ಮಾಡಿದಂತಿರಲಿಲ್ಲ. ಇದ್ದುದರಲ್ಲಿ ಇದೇ ವಾಸಿಯೆಂದು, ಗುರಿ ನೋಡಲು ಮೇಲೆ ಕೂರಿಸುವ ದೂರದರ್ಶಕದ ಸಮೇತ ಕೊಂಡೆ.

ಕೋವಿಯನ್ನು ಅಂಗಡಿಯ ದೊಡ್ಡ ಕನ್ನಡಿಯ ಹಿಂದೆ ಬಚ್ಚಿಟ್ಟೆ. ಹೊಡೆದು ಅಭ್ಯಾಸ ಮಾಡಲು ಜಾಗವೂ ಇರಲಿಲ್ಲ, ಎದೆಯೂ ಇರಲಿಲ್ಲ. ಗಿರಾಕಿಗಳಿಲ್ಲದಾಗ ಬಾಗಿಲು ಮುಂದೆ ಮಾಡಿ, ದೂರದರ್ಶಕದಲ್ಲಿ ಕಣ್ಣಿಟ್ಟು ಎದುರು ಗೋಡೆಯ ಅಕ್ಷರ ಪಟ ನೋಡುತ್ತಿದ್ದೆ. ಯಾರೂ ಓದಲಾರದ ಕೊನೆಯ ಸಾಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಂಡ ಮೇಲೆ ಮೊಲ ಸತ್ತ ಹಾಗೆಯೇ ಎಂದು ಕೋವಿಯನ್ನು ಮತ್ತೆ ಕನ್ನಡಿಯ ಹಿಂದೆ ಸರಿಸಿಬಿಡುತ್ತಿದ್ದೆ. ಊರಿಗೆ ಹೊರಟಾಗ ಅದನ್ನು ಒಂದು ಉದ್ದನೆಯ ಚೀಲಕ್ಕೆ ತುರುಕಿದೆ. “ಅದೇನ್ರೀ?” ಎಂದಳು ಸುಮಾ. “ಕಣ್ಣು ಪರೀಕ್ಷೆ ಮಾಡೋ ಸ್ಟ್ಯಾಂಡು” ಎಂದೆ. ಹೇಳುವಾಗ ಇದು ಬಹಳ ಜಾಣ ಸುಳ್ಳು ಎನಿಸಿತ್ತು.

ಮಾವನ ಮನೆ ಮುಟ್ಟುವಷ್ಟರಲ್ಲಿ ಜಗಲಿಯ ಮೇಲೆ ಓಣಿಯ ಮುದುಕ-ಮುದುಕಿಯರೆಲ್ಲ ಸಾಲಾಗಿ ಕುಳಿತಿದ್ದರು. ಸುಮಾ ಬಸ್ಸಿನಿಂದಲೇ ಅಮ್ಮನಿಗೆ ಫೋನು ಮಾಡಿ, ಅಳಿಯ ಮಷಿನ್ ಸಮೇತ ಬರುತ್ತಿದ್ದಾರೆಂದು ಹೇಳಿದ್ದಳು. “ಕಣ್ ತೋರ್ಸಾಕೆ ಬಂದೀವಿ ಕಣಪ್ಪ, ಆ ಚೀಲ ಬಿಚ್ಚು” ಎಂದು ಒಬ್ಬ ಅಜ್ಜಿ ಚೀಲಕ್ಕೇ ಕೈ ಹಾಕಿತು. ಬಸ್ಸಿನ ಕುಲುಕಾಟಕ್ಕೆ ಸ್ಟ್ಯಾಂಡು ಕೆಟ್ಟಿದೆ ಎಂದು ಹೇಳಿ, ಚೀಲವನ್ನು ಒಳಗೆ ಜೋಳದ ಮೂಟೆಗಳ ಹಿಂದೆ ಇಟ್ಟು ಬಂದೆ. ಅತ್ತೆಯಿಂದ ಹಿಡಿದು ಎಲ್ಲರಿಗೂ ಬೆರಳು ತೋರಿಸಿ ‘ಎಷ್ಟು ಹೇಳಿ’ ಎನ್ನುತ್ತಾ ಸಂಜೆ ಮಾಡಿದೆ. ಅತ್ತೆಗೆ ನನ್ನ ಬೆರಳಿಗಿಂತ ಮುಖ ಸ್ಪಷ್ಟವಾಗಿ ಕಂಡಿರಬೇಕು. “ಯಾಕೋ ಅಳಿಯಂದ್ರು ಬೆವರ್ತಾರಲ್ಲೇ” ಎಂದು ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಹಬ್ಬದ ಬೆಳಿಗ್ಗೆ ಮಾವನವರು ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಮೂಟೆಗಳ ಕಡೆ ನಡೆದೆ. “ಅದೆಲ್ಲ ಇರ್ಲಿ ಬಿಡ್ರಿ. ನೀವು ಬರಿಗೈಲೆ ಬರ್ರಿ. ಎರಡೂ ಕೈ ಖಾಲಿ ಇರ್ಬೇಕು” ಎಂದರು. ನನ್ನ ಜೀವ ಬಾಯಿಗೆ ಬಂತು. ಬರಿಗೈಯಲ್ಲಿ! ಕೋವಿಯಾಗಿದ್ದರೆ ಮೊಲಕ್ಕೂ ನನಗೂ ನಡುವೆ ಒಂದಿಷ್ಟು ದೂರವಾದರೂ ಇರುತ್ತಿತ್ತು. ಇವರು ಕತ್ತು ಹಿಸುಕುವ ಪೈಕಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಹೆಣ್ಣು ನೋಡಲು ಬೇರೆ ದಿಕ್ಕಿಗೆ ಹೋಗುತ್ತಿದ್ದೆ. ಯಥಾಪ್ರಕಾರ ತಲೆಯಾಡಿಸಿ ಹಿಂದೆ ನಡೆದೆ.

ಊರಾಚೆಯ ಕುರುಚಲು ಅಡವಿಯಲ್ಲಿ ಗಂಡಸರು ಪೊದೆಗಳನ್ನು ಸುತ್ತುಗಟ್ಟಿ ಕೂಗುತ್ತಾ ತಟ್ಟತೊಡಗಿದರು. ನನ್ನನ್ನು ಒಂದು ಬಂಡೆಯ ಬಳಿ ನಿಲ್ಲಿಸಿದ್ದರು. ಮೊಲ ಸಿಗದಿರಲಿ ಎಂದು ನಾನು ಗೊತ್ತಿರುವ ದೇವರನ್ನೆಲ್ಲ ನೆನೆದೆ. ದೇವರು ಯಾವತ್ತಿನಂತೆ ಕೇಳಿಸಿಕೊಳ್ಳಲಿಲ್ಲ. ಹಾರಿ ಬಂದ ಮೊಲ ಮಾವನವರ ಕಂಬಳಿಯೊಳಗೆ ಬಿತ್ತು. ಅವರು ಅದನ್ನು ಎತ್ತಿ ನನ್ನ ಕೈಗಿಟ್ಟು, “ಮೆಲ್ಲಗೆ ಹಿಡೀರಿ, ಕೂಸು ಹಿಡ್ದಂಗೆ” ಎಂದರು. ಬೆಚ್ಚಗಿನ, ಹಗುರ ಜೀವ; ಅದರ ಎದೆ ಡವಗುಟ್ಟುತ್ತಿತ್ತು, ನನ್ನದೂ. ಪಕ್ಕದಲ್ಲಿದ್ದ ಹೆಂಡತಿಯ ತಮ್ಮ ತಿಪ್ಪೇಶನನ್ನು, “ಮುಂದೆ ಏನು ಮಾಡಬೇಕು?” ಎಂದು ಕೇಳಿದೆ. ಮಾವನ ಕಡೆಯವರ ಮುಂದೆ ತಲೆಯಾಡಿಸದೆ, ಗೊತ್ತಿಲ್ಲದ್ದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. “ಮುಂದೇನು ಭಾವ? ಗುಡಿಗೆ ಒಯ್ದು ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ ಬಿಟ್ಟುಬಿಡಾದು. ಮುಂಚೆ ಕಿವಿಗೆ ಓಲೆ ಹಾಕ್ತಿದ್ರಂತೆ, ಈಗ ಅದೂ ಇಲ್ಲ. ಫಾರೆಸ್ಟ್ ಗಾರ್ಡು ಗುಡಿ ಹತ್ರಾನೇ ನಿಂತಿರ್ತಾನೆ. ಮೊಲಕ್ಕೆ ಒಂದು ಗೀರು ಬಿದ್ರೂ ಕೇಸು ಅಂದಾನೆ.”

ಬಿಟ್ಟುಬಿಡುವುದು! ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಇಡೀ ತಿಂಗಳು ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿದು, ನಗಬೇಕೋ ಅಳಬೇಕೋ ತಿಳಿಯದೆ ಮೊಲವನ್ನು ಇನ್ನಷ್ಟು ಅಪ್ಪಿಕೊಂಡೆ. ಮಾವನವರು ಅದನ್ನು ಭಕ್ತಿಯೆಂದು ತಿಳಿದು, “ನೋಡ್ರಲೇ, ಅಳಿಯ ಅಂದ್ರೆ ಹಿಂಗಿರ್ಬೇಕು” ಎಂದು ಊರವರಿಗೆ ತೋರಿಸಿದರು. ಗುಡಿಯ ಮುಂದೆ ಹೆಂಗಸರು ಆರತಿ ಹಿಡಿದಿದ್ದರು. ಗಾರ್ಡು ಮೊಲವನ್ನು ತಿರುಗಿಸಿ ಮುರುಗಿಸಿ ನೋಡಿ ಸರಿ ಎಂದ. ಹಣೆಗೆ ಕುಂಕುಮ ಹಚ್ಚಿಸಿಕೊಂಡ ಮೊಲ, ನೆಲಕ್ಕೆ ಬಿಡುವ ಮುಂಚೆ ನನ್ನ ಹೊಸ ಅಂಗಿಯನ್ನು ಪೂರಾ ಒದ್ದೆ ಮಾಡಿ, ಒಂದೇ ನೆಗೆತಕ್ಕೆ ಅಡವಿ ಸೇರಿತು. ಅದಕ್ಕೂ ಅಷ್ಟೇ ನಿರಾಳವಾಗಿರಬೇಕು. ನಾನು ಬೇಸರ ಮಾಡಿಕೊಳ್ಳಲಿಲ್ಲ.

ಹೊನ್ನಾಳಿಗೆ ಬಂದ ಮೇಲೆ ಕೋವಿಯನ್ನು ದೂರ ಮಾಡುವ ಚಿಂತೆ ಹತ್ತಿತು. ನ್ಯಾಮತಿಯ ಸಂತೆಯಲ್ಲಿ ಹಲಗೆಗೆ ಬಲೂನು ಕಟ್ಟಿ ಗುರಿ ಹೊಡೆಸುವ ದಾದಾಪೀರ ನನ್ನ ಗಿರಾಕಿ. ಅವನ ಹಳೆಯ ಕೋವಿ ಮುರಿದಿತ್ತು. ಅವನಿಗೇ ಕೊಟ್ಟು, ಯಾರಿಗೂ ಹೇಳಬೇಡ ಎಂದು ಕೈಮುಗಿದು ನಿಶ್ಚಿಂತನಾದೆ. ಆದರೆ ಮೊನ್ನೆ ಸುಮಾಳ ಚಿಕ್ಕಮ್ಮನ ಮನೆಗೆಂದು ನ್ಯಾಮತಿಗೆ ಹೋದಾಗ ಅವತ್ತು ಸಂತೆ. ಬಲೂನು ಕಂಡದ್ದೇ ಅವಳು ಅಲ್ಲಿಗೇ ಎಳೆದಳು. “ಬರ್ರಿ, ನಿಮ್ ಚಿಕ್ಕಪ್ಪ ಗುರಿ ತಪ್ಪಲ್ಲ ಅಂದಿದ್ರಲ್ಲ, ಒಂದಾದ್ರೂ ನೋಡಾನ.” ದಾದಾಪೀರ ಮುಖದಲ್ಲಿ ಏನೂ ತೋರಗೊಡದೆ ನನ್ನ ಕೋವಿಯನ್ನು ನನ್ನ ಕೈಗೇ ಕೊಟ್ಟ. ಹೊಡೆದೆ. ಮತ್ತೆ ಹೊಡೆದೆ. ಬಲೂನುಗಳು ಗಾಳಿಗೆ ಆರಾಮಾಗಿ ತೂಗುತ್ತಿದ್ದವು. ಒಂದು ಗುಂಡು ಹಲಗೆಯ ಕಾಲಿಗೆ ಬಡಿಯಿತು, ಉಳಿದವು ಎಲ್ಲಿ ಹೋದವೋ ಗೊತ್ತಿಲ್ಲ. “ಕನ್ನಡಕ ಬದ್ಲಾಯಿಸ್ರಿ ಸಾರ್” ಎಂದ ದಾದಾಪೀರ. ನಾನು ಆ ಮೊಲವನ್ನು ನೆನೆದೆ. ಅದನ್ನು ಕೊಲ್ಲಬೇಕಾಗುತ್ತದಲ್ಲ ಎಂದು ತಿಂಗಳಿಡೀ ಕೊರಗಿದ್ದೆನಲ್ಲ, ಎಂಥ ಅಹಂಕಾರ! ಈ ಕೋವಿ ಹಿಡಿದು ಎದುರಿಗೇ ಕೂತಿದ್ದರೂ ಅದು ಮೊಮ್ಮಕ್ಕಳನ್ನು ಕಂಡೇ ಸಾಯುತ್ತಿತ್ತು.

ಸುಮಾ ಕೋವಿ ಇಸಿದುಕೊಂಡು ಪಟಪಟನೆ ಬಲೂನುಗಳನ್ನು ಒಡೆದಳು. ಆಮೇಲೆ ಅದನ್ನು ತಿರುಗಿಸಿ ನೋಡಿ, “ನಿಮ್ ಕಣ್ ಪರೀಕ್ಷೆ ಸ್ಟ್ಯಾಂಡು ಬಾಳ ಚೆನ್ನಾಗೈತೆ ಕಣ್ರೀ. ಯಾಕೆ ಕೊಟ್ರಿ?” ಎಂದಳು.

ನಾನು ಕೇಳಿದೆ, “ಯಾವಾಗ ನೋಡಿದೆ?”

“ಅಮ್ಮಂಗೆ ಬೆರಳು ತೋರ್ಸ್ತಾ ಕೂತಿದ್ರಲ್ಲ, ಆಗ ಸ್ಟ್ಯಾಂಡು ರಿಪೇರಿ ಆಗ್ತದೇನೋ ನೋಡಾನ ಅಂತ ಚೀಲ ಬಿಚ್ಚಿದ್ದೆ. ಅವರನ್ನ ಬರಿಗೈಲೆ ಕರ್ಕಂಡು ಹೋಗಪ್ಪ ಅಂತ ಅಪ್ಪಂಗೆ ಹೇಳ್ದೋಳು ನಾನೇ. ಆ ಗಾರ್ಡಿನ ಕಣ್ಣಿಗೆ ಇದು ಬಿದ್ದಿದ್ರೆ ಏನ್ ಗತಿ?”

“ಹಾಗಾದರೆ ಪದ್ಧತಿ ಏನು ಅಂತ ನನಗೆ ಮೊದಲೇ ಹೇಳಬಾರದಿತ್ತಾ?”

“ಕೇಳಿದ್ದೆನಲ್ಲ, ಎಲ್ಲಾ ಗೊತ್ತೈತಲ್ಲ ಅಂತ. ನೀವು ತಲೆ ಆಡಿಸಿದ್ರಿ.” ಕೋವಿಯನ್ನು ದಾದಾಪೀರನ ಕೈಗಿಟ್ಟು ನನ್ನ ಮುಖವನ್ನೇ ನೋಡಿದಳು. “ಇನ್ಮೇಲಾದ್ರೂ ಗೊತ್ತಿಲ್ದಿದ್ರೆ ಬಾಯಿ ಬಿಟ್ಟು ಗೊತ್ತಿಲ್ಲ ಅಂತ ಹೇಳ್ತೀರಲ್ಲ?”

ನಾನು ತಲೆಯಾಡಿಸಿದೆ.